ಬೀಜದ ಪೇಟೆಂಟು, ಬೇಳೆಯ ಲೇಬಲ್ಲು: ವರ್ತಕರ ಪಾಲಿನ ಹೊಣೆ

ಕುಲಾಂತರಿ ಬೆಳೆಗಳ ಕುರಿತು ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ದೇಶದಲ್ಲಿ ನಡೆಯುತ್ತಿರುವ ವಾದವಿವಾದದಲ್ಲಿ ರೈತ ಸಂಘಟನೆಗಳ ದನಿ ಕೇಳಿಬಂದಿದೆ, ಬೀಜ ಕಂಪನಿಗಳ ದನಿಯೂ ಕೇಳಿಬಂದಿದೆ. ವಿಜ್ಞಾನಿಗಳು ಎರಡೂ ಪಕ್ಷಗಳಲ್ಲಿ ನಿಂತು ಮಾತನಾಡಿದ್ದಾರೆ. ಕೇಳಿಬರದಿರುವುದು ವರ್ತಕರ ದನಿ. ಸೇಡಂ, ಚಿತ್ತಾಪುರ, ಚಿಂಚೋಳಿ ಮಾರುಕಟ್ಟೆ ಪ್ರಾಂಗಣಗಳ ಅಡತಿ ವ್ಯಾಪಾರಿಗಳಾಗಲಿ, ವಾಡಿ ಮತ್ತು ಶಹಾಬಾದಿನ ಸಗಟು ಕಿರಾಣಿ ವರ್ತಕರಾಗಲಿ, ದಾಲ್ ಮಿಲ್ಲು ಮತ್ತು ಎಣ್ಣೆ ಗಿರಣಿಗಳ ಮಾಲೀಕರಾಗಲಿ ಇದನ್ನು ತಮ್ಮ ವಿಷಯವೆಂದು ಭಾವಿಸಿದಂತಿಲ್ಲ. ಬೀಜ ಮಾರುವುದು ಕಂಪನಿ, ಬಿತ್ತುವವನು ರೈತ, ಅನುಮತಿ ಕೊಡುವುದು ಸರ್ಕಾರ, ಇದರಲ್ಲಿ ವ್ಯಾಪಾರಿಗೇನು ಕೆಲಸ ಎಂಬುದು ಪೇಟೆಯ ಸಾಮಾನ್ಯ ಧೋರಣೆ.

ಕಾನೂನು ಹಾಗೆ ಭಾವಿಸಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 18(3) ರೈತನನ್ನೂ, ಹೊಲದ ಮಟ್ಟದಲ್ಲಿರುವ ಅವನ ಬೆಳೆಯನ್ನೂ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದು ನ್ಯಾಯವಾದ ವಿನಾಯಿತಿಯೇ; ಅದಕ್ಕೆ ಆಕ್ಷೇಪವಿರಲಾರದು. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ಚೀಲ ಹೊಲದ ಬದು ದಾಟಿ ಮಾರುಕಟ್ಟೆಯ ಕಟ್ಟೆಗೆ ಬಂದು ಬಿದ್ದ ಮೇಲೆ ಕಾಯ್ದೆಯ ಕಣ್ಣಿಗೆ ಬೀಳುವ ಮೊದಲ ವ್ಯಕ್ತಿ ವರ್ತಕ. ಅದೇ ಕಾಯ್ದೆಯ ಕಲಂ 22 ನಿಯಮಾವಳಿಯ ಅನುಮತಿಯಿಲ್ಲದೆ ಕುಲಾಂತರಿ ಆಹಾರವನ್ನು ತಯಾರಿಸುವುದು, ಹಂಚುವುದು, ಮಾರುವುದು, ಆಮದು ಮಾಡುವುದು ಎಲ್ಲವನ್ನೂ ನಿಷೇಧಿಸುತ್ತದೆ. ತಪ್ಪು ಲೇಬಲ್ಲಿನ ಆಹಾರಕ್ಕೆ ಕಲಂ 52ರಡಿ 3 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಯಾವ ಬೀಜವೆಂದು ತೀರ್ಮಾನಿಸುವವರು ಒಬ್ಬರು, ಅದರಿಂದ ರಾಯಧನ ಪಡೆಯುವವರು ಇನ್ನೊಬ್ಬರು, ಪೊಟ್ಟಣದ ಮೇಲಿನ ಮಾತಿಗೆ ಉತ್ತರ ಹೇಳಬೇಕಾದವನು ಮೂರನೆಯವನು. ಆ ಮೂರನೆಯವನ ಕಡತದಲ್ಲಿ ಇಂದು ಬೀಜದ ಬಗ್ಗೆ ಒಂದು ಚೀಟಿಯೂ ಇಲ್ಲ.

ಲೇಬಲ್ಲಿನ ಕಟ್ಟಳೆ ಹೊಸದೇನೂ ಅಲ್ಲ. ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಿಗೆ 2012ರ ಜೂನ್‌ನಲ್ಲಿ ತಿದ್ದುಪಡಿ ತಂದು, 2013ರ ಜನವರಿ 1ರಿಂದ ಕುಲಾಂತರಿ ಆಹಾರದ ಪೊಟ್ಟಣದ ಮುಖಭಾಗದ ಮೇಲ್ತುದಿಯಲ್ಲಿ 'ಜಿಎಂ' ಎಂಬ ಅಕ್ಷರಗಳಿರಬೇಕೆಂದು ವಿಧಿಸಲಾಯಿತು. ಅಂದಿನಿಂದ ಕಿರಾಣಿ ಅಂಗಡಿಯ ಮಾಡದಲ್ಲಿ ಅಂಥ ಎರಡಕ್ಷರ ಕಂಡ ಗ್ರಾಹಕರು ಎಷ್ಟು ಮಂದಿ ಎಂಬುದನ್ನು ಓದುಗರೇ ಊಹಿಸಬಹುದು. ಆಹಾರ ಸುರಕ್ಷತಾ ಪ್ರಾಧಿಕಾರವು 2020ರ ಆಗಸ್ಟ್‌ನಲ್ಲಿ ಆಮದಾಗುವ 24 ಬೆಳೆಗಳಿಗೆ ಕುಲಾಂತರಿ ಅಲ್ಲವೆಂಬ ಪ್ರಮಾಣಪತ್ರ ಬೇಕೆಂದು ಆದೇಶಿಸಿ, ಆಕಸ್ಮಿಕ ಬೆರಕೆಗೆ ಶೇಕಡ 1ರ ಮಿತಿ ಹಾಕಿತು. ಗೋಧಿ, ಅಕ್ಕಿ, ಮೆಕ್ಕೆಜೋಳ, ಈ ಭಾಗದ ಕುಸುಬೆ ಸಹ ಆ ಪಟ್ಟಿಯಲ್ಲಿವೆ; ತೊಗರಿ ಇಲ್ಲ. 2021ರ ನವೆಂಬರ್‌ನಲ್ಲಿ ಪ್ರಕಟವಾದ ಕರಡು ನಿಯಮಾವಳಿಯು ಶೇಕಡ 1 ಅಥವಾ ಅದಕ್ಕೂ ಹೆಚ್ಚು ಕುಲಾಂತರಿ ಘಟಕವಿರುವ ಆಹಾರಕ್ಕೆ ಲೇಬಲ್ ಕಡ್ಡಾಯವೆಂದಿತು. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸಂಜಯ್ ಕರೋಲ್ ಸಾಸಿವೆಯ ಅನುಮತಿಯ ಬಗ್ಗೆ ಭಿನ್ನ ತೀರ್ಪು ನೀಡಿದರು. ಆದರೆ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿಯೊಂದು ಬೇಕು, ಆಮದಾಗುವ ಕುಲಾಂತರಿ ಖಾದ್ಯತೈಲಕ್ಕೆ ಲೇಬಲ್ಲಿನ ಕಲಂ ಪಾಲನೆಯಾಗಬೇಕು ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಈ ಮಾತಿನ ಹಿಂದೆ ಒಂದು ವಿಪರ್ಯಾಸವಿದೆ. ದೇಶದಲ್ಲಿ ವಾಣಿಜ್ಯ ಬೇಸಾಯಕ್ಕೆ ಅನುಮತಿ ಪಡೆದು ರೈತರ ಹೊಲಕ್ಕಿಳಿದ ಕುಲಾಂತರಿ ಬೆಳೆ ಹತ್ತಿಯೊಂದೇ. ಹತ್ತಿ ಉಡುವ ವಸ್ತು ಎಂಬ ಭಾವನೆಯಿಂದ ಅದನ್ನು ಆಹಾರದ ಚರ್ಚೆಯಿಂದ ಹೊರಗಿಡಲಾಗಿದೆ. ಜಿನ್ನಿಂಗ್ ಗಿರಣಿಯ ಬಲ್ಲವರಿಗೆ ವಾಸ್ತವ ಗೊತ್ತು: ಅರಳೆ ಒಂದು ದಾರಿ ಹಿಡಿದರೆ ಹತ್ತಿಕಾಳು ಇನ್ನೊಂದು ದಾರಿ ಹಿಡಿಯುತ್ತದೆ. ಕಾಳಿನ ಎಣ್ಣೆ ಶುದ್ಧೀಕರಣಗೊಂಡು ಖಾದ್ಯತೈಲದ ಡಬ್ಬಿಗೂ ವನಸ್ಪತಿಗೂ ಸೇರುತ್ತದೆ. ಹಿಂಡಿ ದನದ ಗೋದಲಿಗೆ ಹೋಗುತ್ತದೆ. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಬರುವ ಸೋಯಾ ಎಣ್ಣೆಯ ಕಥೆಯೂ ಇದೇ. ಬೆಳೆಯಲು ನಿಷಿದ್ಧವಾದುದನ್ನು ಕರಿದು ತಿನ್ನಲು ಅಡ್ಡಿಯಿಲ್ಲ. 2021ರ ಆಗಸ್ಟ್‌ನಲ್ಲಿ ಕೋಳಿ ಆಹಾರದ ಕೊರತೆ ಕಂಡಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೂ ಬಾಗಿಲು ತೆರೆಯಿತು. ಇದರಿಂದ ಆರೋಗ್ಯಕ್ಕೆ ಹಾನಿಯಾಗಿದೆ ಎಂದು ಇಲ್ಲಿ ವಾದಿಸುತ್ತಿಲ್ಲ. ಶುದ್ಧೀಕರಿಸಿದ ಎಣ್ಣೆಯಲ್ಲಿ ವಂಶವಾಹಿಯ ಕುರುಹು ಉಳಿಯುವುದೇ ವಿರಳ. ಪ್ರಶ್ನೆ ಇರುವುದು ಹಾನಿಯದಲ್ಲ, ಹೇಳಿಕೆಯದು.

ಬೀಜದ ಪೇಟೆಂಟಿನ ವ್ಯಾಜ್ಯದಿಂದ ಈ ಭಾಗ ಕಲಿಯಬೇಕಾದುದು ಬೇರೆಯೇ ಇದೆ. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘವು ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗ ತಾಕನ್ನು ಕಿತ್ತು ಸುಟ್ಟಿತು. 2002ರ ಮಾರ್ಚ್‌ನಲ್ಲಿ ಅದೇ ಹತ್ತಿಗೆ ಅಧಿಕೃತ ಅನುಮತಿ ದೊರೆಯಿತು, ಕೆಲವೇ ವರ್ಷಗಳಲ್ಲಿ ಬೇರೆ ಹತ್ತಿ ಬೀಜ ಅಂಗಡಿಗಳಲ್ಲಿ ಸಿಗದಂತಾಯಿತು. ಆರಂಭದ ವರ್ಷಗಳಲ್ಲಿ 450 ಗ್ರಾಂ ಬೀಜದ ಪೊಟ್ಟಣಕ್ಕೆ 1,600 ರೂಪಾಯಿಗೂ ಹೆಚ್ಚು ಬೆಲೆ. ಅದರಲ್ಲಿ 1,250 ರೂಪಾಯಿಯಷ್ಟು ತಂತ್ರಜ್ಞಾನದ ಶುಲ್ಕ. ಸರಕಿಗಿಂತ ಸರಕಿನೊಳಗಿನ ಹಕ್ಕಿಗೇ ಹೆಚ್ಚು ಬೆಲೆ ತೆತ್ತ ವಹಿವಾಟು ಕೃಷಿಯ ಲೆಕ್ಕಪುಸ್ತಕದಲ್ಲಿ ಅದಕ್ಕೂ ಮೊದಲು ಇದ್ದಿರಲಾರದು. 2006ರಲ್ಲಿ ನೆರೆಯ ಆಂಧ್ರ ಸರ್ಕಾರ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮೆಟ್ಟಿಲೇರಿ ಬೆಲೆಯನ್ನು 750 ರೂಪಾಯಿಗೆ ಇಳಿಸಿತು. ಮುಂದೆ ಕೇಂದ್ರವು 2015ರಲ್ಲಿ ಬೆಲೆ ನಿಯಂತ್ರಣ ಆದೇಶ ಹೊರಡಿಸಿ, ಶುಲ್ಕವನ್ನು 2016ರಲ್ಲಿ 49, 2018ರಲ್ಲಿ 39, 2019ರಲ್ಲಿ 20 ರೂಪಾಯಿಗೆ ಇಳಿಸಿ 2020ರಲ್ಲಿ ಸೊನ್ನೆ ಮಾಡಿತು. ಅಷ್ಟರಲ್ಲಿ ಗುಲಾಬಿ ಕಾಯಿಕೊರಕ ಆ ಬೀಜದ ರಕ್ಷಣೆಯನ್ನೇ ಜೀರ್ಣಿಸಿಕೊಂಡಿತ್ತು.

ಪೇಟೆಂಟಿನ ಸಿಂಧುತ್ವದ ಮಾತೂ ಇತ್ಯರ್ಥವಾಗಲಿಲ್ಲ. ಸಸ್ಯ, ಬೀಜ, ತಳಿಗಳಿಗೆ ಪೇಟೆಂಟಿಲ್ಲ ಎನ್ನುವ ಪೇಟೆಂಟ್ ಕಾಯ್ದೆಯ ಕಲಂ 3(ಜೆ)ಯನ್ನು ಆಧರಿಸಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ 2018ರ ಏಪ್ರಿಲ್‌ನಲ್ಲಿ ಮಾನ್ಸಾಂಟೊದ ಹತ್ತಿ ಪೇಟೆಂಟನ್ನು ಅಸಿಂಧುಗೊಳಿಸಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗಿಟ್ಟು ಪೂರ್ಣ ವಿಚಾರಣೆಗೆ ಮರಳಿಸಿತು. ಅದೇ ವರ್ಷ ಪೇಟೆಂಟಿನ ಅವಧಿ ಮುಗಿಯಿತು, 2021ರಲ್ಲಿ ಕಕ್ಷಿದಾರರು ರಾಜಿಯಾದರು. ಇಷ್ಟೂ ವರ್ಷ ನ್ಯಾಯಾಲಯಗಳಲ್ಲಿ ಕಂಪನಿ ಕಂಪನಿಯೊಡನೆ ಕಾದಾಡಿತು. ಹತ್ತಿಕಾಳು ಕೊಂಡು ಎಣ್ಣೆ ತೆಗೆಯುವ ಸಣ್ಣ ಗಿರಣಿಯವನು ತನ್ನ ಡಬ್ಬಿಯ ಮೇಲೆ ಏನು ಬರೆಯಬೇಕೆಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ. ಕೇಳುವವರು ಅರ್ಜಿ ಹಾಕಲಿಲ್ಲ ಎಂದರೂ ಸರಿಯೇ.

ಬದನೆಯ ವಿಷಯದಲ್ಲಿ ನಡೆದದ್ದು ಇನ್ನೂ ಹತ್ತಿರದ್ದು. 2010ರ ಫೆಬ್ರವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಯನ್ನು ತಡೆಹಿಡಿದ ಬಳಿಕ, ಕುಡಚಿ, ರಬಕವಿ, ಮಾಲಾಪುರ, ಉಡುಪಿಯ ಸ್ಥಳೀಯ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯಡಿ ಬೇಕಾದ ಅನುಮತಿಯಿಲ್ಲದೆ ಬಳಸಲಾಗಿದೆ ಎಂಬ ಆರೋಪ ಎದ್ದು, ಪ್ರಕರಣ ಧಾರವಾಡದ ನ್ಯಾಯಾಲಯದವರೆಗೆ ಹೋಯಿತು. ಊರಿನ ಹೆಸರು ಹೊತ್ತ ತಳಿಗೆ ಬೆಲೆಯಿದೆ ಎಂಬುದು ಹೊರಗಿನವರಿಗೆ ಮೊದಲು ಹೊಳೆಯುತ್ತದೆ.

ಇನ್ನು ತೊಗರಿ. ಜಗತ್ತಿನ ಯಾವ ದೇಶದಲ್ಲೂ ಕುಲಾಂತರಿ ತೊಗರಿ ಇಂದಿನವರೆಗೆ ವಾಣಿಜ್ಯ ಬೇಸಾಯಕ್ಕೆ ಬಂದಿಲ್ಲ. ಹಾಗೆಂದು ಎಂದೂ ಬರದು ಎಂದು ಭಾವಿಸಲಾಗದು. ಇಲ್ಲಿಂದ ದೂರವೇನೂ ಅಲ್ಲದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳ ಮುಂದಾಳತ್ವದಲ್ಲಿ 2011ರಲ್ಲಿ ತೊಗರಿಯ ಪೂರ್ಣ ವಂಶವಾಹಿ ನಕ್ಷೆ ಸಿದ್ಧವಾಯಿತು. ಅದಕ್ಕೆ ಆಯ್ದುಕೊಂಡದ್ದು ಈ ಭಾಗದ ರೈತರಿಗೆ ಚಿರಪರಿಚಿತವಾದ 'ಆಶಾ' ತಳಿ. ಕಾಯಿಕೊರಕವನ್ನು ತಡೆಯುವ ಬಿಟಿ ತೊಗರಿಯ ಸಂಶೋಧನೆಯೂ ಪ್ರಯೋಗಾಲಯಗಳಲ್ಲಿ ನಡೆದಿದೆ. ರೈತನ ಕಡೆಯಿಂದ ನೋಡಿದರೆ ಅಂಥ ಬೀಜದ ಆಸೆ ಅಸಹಜವಲ್ಲ. 1997-98ರ ಕಾಯಿಕೊರಕದ ಹಾವಳಿಯಲ್ಲಿ ಬೀದರ, ಕಲಬುರಗಿಯ ಮನೆಗಳು ಅನುಭವಿಸಿದ್ದನ್ನು ಮರೆಯುವಂತಿಲ್ಲ. ಗಿಡ ಅಲುಗಾಡಿಸಿ ಹುಳು ಉದುರಿಸಿ ಆರಿಸುವ ಹಳೆಯ ಪದ್ಧತಿಗೆ ಆಗ ವಿಜ್ಞಾನಿಗಳೇ ಮರಳಿದ್ದರು. 2022ರಲ್ಲಿ ನೆಟೆ ರೋಗ ಜಿಲ್ಲೆಯ ತೊಗರಿಯನ್ನು ನಿಂತಲ್ಲೇ ಒಣಗಿಸಿತು. ಆದುದರಿಂದ ಕುಲಾಂತರಿ ಎಂದರೆ ಸಾಕು ಬೇಡ ಎನ್ನುವ ಹಕ್ಕು ಪೇಟೆಯಲ್ಲಿ ಕುಳಿತವರಿಗಿಲ್ಲ. ಆದರೆ ತೊಗರಿಯ ಹೂವಿಗೆ ಬೇರೆ ದ್ವಿದಳಗಳಿಗಿಲ್ಲದ ಗುಣವೊಂದಿದೆ. ಕಡಲೆ, ಹೆಸರು, ಉದ್ದು ಬಹುಪಾಲು ಸ್ವಕೀಯ ಪರಾಗಸ್ಪರ್ಶದವು. ತೊಗರಿಯಲ್ಲಿ ಜೇನ್ನೊಣಗಳಿಂದಾಗಿ ಸರಾಸರಿ ಶೇಕಡ 20ರ ಆಸುಪಾಸು ಪರಕೀಯ ಪರಾಗಸ್ಪರ್ಶ ನಡೆಯುತ್ತದೆ. ಒಂದು ಹೊಲಕ್ಕೆ ಇಳಿದ ಬೀಜದ ಗುಣ ಮರುವರ್ಷ ಪಕ್ಕದ ಹೊಲದ ರಾಶಿಯಲ್ಲಿ ಕಾಣಿಸಿಕೊಳ್ಳಬಹುದು. ಶೇಕಡ 1ರ ಮಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಚಿತ್ತಾಪುರದ ದಾಲ್ ಮಿಲ್ಲಿನವನು ತಾನು ನೋಡದ ಹೊಲದ, ತಾನು ಕಾಣದ ಜೇನ್ನೊಣದ ಲೆಕ್ಕಕ್ಕೆ ಜಾಮೀನು ನಿಲ್ಲಬೇಕಾದ ದಿನ ಬರಬಹುದೆಂಬುದು ಅರ್ಥವಾಗುತ್ತದೆ.

ಕಳೆದುಕೊಳ್ಳುವುದಕ್ಕೆ ಇಲ್ಲಿ ಏನಿದೆ ಎಂಬುದನ್ನೂ ಹೇಳಬೇಕು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ನೆಲದ ಸುಣ್ಣಕಲ್ಲಿನ ಪದರ, ಅದರಿಂದ ಮಣ್ಣಿಗೆ ಬಂದ ಸುಣ್ಣ ಮತ್ತು ಪೊಟ್ಯಾಷಿನ ಅಂಶವೇ ಬೇಳೆಯ ರುಚಿಗೂ ಬೇಗ ಬೇಯುವ ಗುಣಕ್ಕೂ ಕಾರಣವೆಂದು ಹೇಳಲಾಗುತ್ತದೆ. ಪೇಟೆಂಟಿಗೂ ಇದಕ್ಕೂ ಇರುವ ವ್ಯತ್ಯಾಸ ವ್ಯಾಪಾರಸ್ಥರಿಗೆ ಮುಖ್ಯವಾದದ್ದು. ಪೇಟೆಂಟು ಒಬ್ಬರ ಆಸ್ತಿ, 20 ವರ್ಷ ಬಾಳುತ್ತದೆ, ಮಾರಬಹುದು, ಬಾಡಿಗೆಗೆ ಕೊಡಬಹುದು. ಭೌಗೋಳಿಕ ಸೂಚಕವನ್ನು 1999ರ ಕಾಯ್ದೆಯ ಕಲಂ 24ರ ಪ್ರಕಾರ ಮಾರುವಂತಿಲ್ಲ, ಪರವಾನಗಿ ಕೊಡುವಂತಿಲ್ಲ, ಒತ್ತೆಯಿಡುವಂತೆಯೂ ಇಲ್ಲ. ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಯಾವ ಗಿರಣಿಯ ಆಸ್ತಿ-ಹೊಣೆ ತಖ್ತೆಯಲ್ಲೂ ಕಾಣದ, ಎಲ್ಲ ಗಿರಣಿಗಳಿಗೂ ಸೇರಿದ ಆಸ್ತಿ ಅದು. ಕೃಷಿ ಸರಕಿನ ಮಟ್ಟಿಗೆ ಕಾಯ್ದೆಯು ಸಂಸ್ಕರಿಸುವವರನ್ನೂ ಪೊಟ್ಟಣ ಕಟ್ಟುವವರನ್ನೂ ಉತ್ಪಾದಕರೆಂದೇ ಪರಿಗಣಿಸುವುದರಿಂದ ದಾಲ್ ಮಿಲ್ಲುಗಳು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. 2020ರ ತಿದ್ದುಪಡಿಯಿಂದ ಅದರ ಅರ್ಜಿ ಶುಲ್ಕ 10 ರೂಪಾಯಿಗೆ ಇಳಿದಿತ್ತು. ಹತ್ತು ರೂಪಾಯಿಗೆ ಸಿಗುವ ಹಕ್ಕಿನ ಬಗ್ಗೆ ಪೇಟೆಯಲ್ಲಿ ಅದಕ್ಕಿಂತ ಹೆಚ್ಚಿನ ಆಸಕ್ತಿ ಹುಟ್ಟಿಲ್ಲವೆಂಬುದು ಖೇದಕರ. ಸೇಡಂ, ಚಿಂಚೋಳಿಯ ಗಡಿಯಾಚೆ ತಾಂಡೂರಿನ ತೊಗರಿಗೆ 2022ರಲ್ಲಿ ಪ್ರತ್ಯೇಕ ಮಾನ್ಯತೆ ಬಂದಿದೆ.

ಹೆಸರು ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪುಣೆ, ಸೊಲ್ಲಾಪುರದ ಕಡೆ ಹಾಸುಗಲ್ಲಿಗೆಲ್ಲ 'ಶಹಾಬಾದಿ ಫರ್ಸಿ' ಎಂದೇ ಹೆಸರು. ಕಲ್ಲು ಯಾವ ಗಣಿಯದಾದರೂ ಸರಿ. ಊರಿನ ಹೆಸರು ಪ್ರಸಿದ್ಧವಾಯಿತು, ಆ ಪ್ರಸಿದ್ಧಿಯ ಲಾಭ ಊರಿನದಾಗಿ ಉಳಿಯಲಿಲ್ಲ. ಸಾರ್ವತ್ರಿಕವಾಗಿಬಿಟ್ಟ ಹೆಸರಿಗೆ ಭೌಗೋಳಿಕ ಸೂಚಕದ ಕಾಯ್ದೆ ರಕ್ಷಣೆ ಕೊಡುವುದಿಲ್ಲ. ಬೇಳೆಯ ದಾರಿಯೂ ಅದೇ ಆಗುವ ಲಕ್ಷಣಗಳಿವೆ. 2021ರ ಮೇ ತಿಂಗಳಲ್ಲಿ ತೊಗರಿ ಆಮದು ಮುಕ್ತವಾದ ಮೇಲೆ ಬರ್ಮಾದ ಲೆಮನ್, ತಾಂಜಾನಿಯಾದ ಅರುಷಾ, ಮೊಜಾಂಬಿಕ್‌ನ ಗಜರಿ ಎಲ್ಲವೂ ಗಿರಣಿಗಳ ಅಂಗಳಕ್ಕೆ ಬರುತ್ತಿವೆ. ಸ್ಥಳೀಯ ಮಾಲು ಸಾಲದಾದಾಗ ಗಿರಣಿ ನಡೆಸಲು ಅವು ಬೇಕು, ಅದರಲ್ಲಿ ತಪ್ಪೂ ಇಲ್ಲ. ತಪ್ಪಾಗುವುದು ಮೂರು ಬಗೆಯ ಕಾಳು ಒಂದೇ ಯಂತ್ರದಲ್ಲಿ ಒಡೆದು ಕಲಬುರಗಿಯ ಹೆಸರಿನ ಚೀಲದಲ್ಲಿ ಹೊರಬಿದ್ದಾಗ.

ಇದೇ ನೆಲದ ಸುಣ್ಣಕಲ್ಲಿನಿಂದ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ತಯಾರಾಗುವ ಸಿಮೆಂಟಿನ ಚೀಲವನ್ನು ನೋಡಬೇಕು. ತಯಾರಕರ ಹೆಸರು, ದರ್ಜೆ, ಐಎಸ್‌ಐ ಗುರುತು, ತುಂಬಿದ ವಾರ ಮತ್ತು ವರ್ಷ ಎಲ್ಲವೂ ಅದರ ಮೇಲಿರುತ್ತವೆ. ಮಾಲು ಕೆಟ್ಟರೆ ಯಾವ ವಾರದ್ದೆಂದು ಹಿಂದಕ್ಕೆ ಹೋಗಿ ಹುಡುಕಬಹುದು. ಗೋಡೆ ಕಟ್ಟುವ ಪುಡಿಗೆ ಇರುವಷ್ಟು ಜಾತಕ ಹೊಟ್ಟೆಗೆ ತಿನ್ನುವ ಬೇಳೆಗಿಲ್ಲ. ಲೇಬಲ್ ಎಂದರೆ ಇನ್‌ಸ್ಪೆಕ್ಟರ್ ಕಾಟ ಎನ್ನುವವರು ಈ ಚೀಲ ತಯಾರಿಸುವವರಿಗೆ ಅದರಿಂದ ನಷ್ಟವಾಗಿದೆಯೇ ಎಂದು ವಿಚಾರಿಸಬಹುದು.

ವರ್ತಕರು ಲೇಬಲ್ಲನ್ನು ಕಂಡು ಹಿಂಜರಿಯುವುದಕ್ಕೆ ಸರ್ಕಾರದ ಪಾಲೂ ಇದೆ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ನೋಂದಾಯಿತ ಬ್ರ್ಯಾಂಡಿನ ಪೊಟ್ಟಣದ ಬೇಳೆಗೆ ಶೇಕಡ 5 ತೆರಿಗೆ, ಬ್ರ್ಯಾಂಡಿಲ್ಲದ್ದಕ್ಕೆ ವಿನಾಯಿತಿ. ದೇಶದಾದ್ಯಂತ ಹಲವು ಗಿರಣಿಯವರು ವರ್ಷಗಟ್ಟಲೆ ದುಡಿದು ಗಳಿಸಿದ ಬ್ರ್ಯಾಂಡ್ ನೋಂದಣಿಯನ್ನೇ ಬಿಟ್ಟುಕೊಡಲು ಮುಂದಾದರು. 2022ರ ಜುಲೈ 18ರಿಂದ ಬ್ರ್ಯಾಂಡಿನ ಮಾತು ಹೋಗಿ, 25 ಕಿಲೋವರೆಗಿನ 'ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ' ಬೇಳೆಗೆ ತೆರಿಗೆ ಬಂದಿತು. ಅದಕ್ಕೂ ದೊಡ್ಡ ಚೀಲಕ್ಕೆ ಇಲ್ಲ. ಚೀಲಗಳು ಒಮ್ಮೆಲೇ ದೊಡ್ಡವಾದವು. ಒಂದು ಇಲಾಖೆ ಲೇಬಲ್ ಹಚ್ಚೆನ್ನುತ್ತದೆ, ಇನ್ನೊಂದು ಇಲಾಖೆ ಹಚ್ಚಿದ್ದಕ್ಕೆ ಸುಂಕ ಕೇಳುತ್ತದೆ. ಭೌಗೋಳಿಕ ಸೂಚಕದ ಪೊಟ್ಟಣಕ್ಕಾದರೂ ಈ ಶೇಕಡ 5ರಿಂದ ವಿನಾಯಿತಿ ಬೇಕೆಂದು ಜಿಎಸ್‌ಟಿ ಮಂಡಳಿಗೆ ಮನವಿ ಸಲ್ಲಿಸುವುದು ವಾಣಿಜ್ಯೋದ್ಯಮ ಸಂಸ್ಥೆಗಳು ಮಾಡಬಹುದಾದ ಸಾರ್ಥಕ ಕೆಲಸ. ಲೇಬಲ್ಲೇ ಬೇಡವೆಂಬ ಮನವಿಗಿಂತ ಇದಕ್ಕೆ ಹೆಚ್ಚು ಬೆಲೆ ಬರುತ್ತದೆ.

ಅದರ ಜೊತೆಗೆ ಗಿರಣಿಗಳು ತಾವೇ ಆರಂಭಿಸಬಹುದಾದದ್ದು ಒಂದು ಲಾಟ್ ವಹಿ. ಖರೀದಿಯ ದಿನ, ಅಡತಿ ಅಂಗಡಿಯ ಪಟ್ಟಿ ಸಂಖ್ಯೆ, ಊರು, ರೈತ ಹೇಳಿದ ತಳಿಯ ಹೆಸರು, ಬೀಜದ ಮೂಲ, ಆ ಲಾಟ್ ಒಡೆದ ದಿನ, ತುಂಬಿದ ಚೀಲಗಳ ಸಂಖ್ಯೆ. ಇಷ್ಟೇ. ಬೀಜದ ಮೂಲವೆಂಬ ಕಲಮಿನಲ್ಲಿ ತೊಡಕಿದೆ ಎಂಬುದು ನಿಜ. ತೊಗರಿ ಬೆಳೆಗಾರರಲ್ಲಿ ಮನೆಯ ಬೀಜವನ್ನೇ ಬಿತ್ತುವವರು ಬಹಳ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಕಲಂ 39 ಆ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹಚ್ಚದೆ ಮಾರುವ ಹಕ್ಕನ್ನು ಅವರಿಗೆ ಕೊಟ್ಟಿದೆ. ಅವರಿಂದ ಬಿಲ್ಲು ಕೇಳುವುದು ಅನ್ಯಾಯ. 'ಮನೆ ಬೀಜ' ಎಂಬ ಅವರ ಮಾತನ್ನೇ ಬರೆದುಕೊಂಡರೆ ಸಾಕು. ರೈತ ಸಂಪರ್ಕ ಕೇಂದ್ರದಿಂದಲೋ ಅಂಗಡಿಯಿಂದಲೋ ಕೊಂಡ ಬೀಜಕ್ಕೆ ಮಾತ್ರ ರಸೀದಿಯ ಸಂಖ್ಯೆ ಇರಲಿ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ 'ಸಾಥಿ' ಜಾಲತಾಣ ಬೀಜದ ಜಾಡನ್ನು ಉತ್ಪಾದಕನಿಂದ ಅಂಗಡಿಯವರೆಗೆ ದಾಖಲಿಸಲು ಹುಟ್ಟಿದ್ದು. 2025ರ ನವೆಂಬರ್‌ನಲ್ಲಿ ಹೊರಬಿದ್ದ ಬೀಜ ಮಸೂದೆಯ ಕರಡು ಪ್ರತಿ ಬೀಜದ ಪೊಟ್ಟಣಕ್ಕೂ ಕ್ಯೂಆರ್ ಗುರುತು ಸೂಚಿಸಿದೆ. ಜಾಡಿನ ಒಂದು ತುದಿಯನ್ನು ಸರ್ಕಾರ ಹಿಡಿಯಲಿದೆ. ಇನ್ನೊಂದು ತುದಿ ಗಿರಣಿಯಲ್ಲಿ ಹಿಡಿಯುವವರಿಲ್ಲದೆ ಜೋತಾಡಬಾರದು.

ಇಷ್ಟು ಬರೆದಿಡಲು ಮುನೀಮನಿಗೆ ದಿನಕ್ಕೆ ಅರ್ಧ ಗಂಟೆ ಹೆಚ್ಚಿನ ಕೆಲಸವಾದೀತು. ಅದಕ್ಕೆ ಪ್ರತಿಫಲವಿದೆ. ಕಾಯ್ದೆಯ ಕಲಂ 80 ಸಾಧ್ಯವಿದ್ದ ಎಲ್ಲ ಎಚ್ಚರಿಕೆ ವಹಿಸಿದ್ದೇನೆಂದು ತೋರಿಸಬಲ್ಲ ವರ್ತಕನಿಗೆ ರಕ್ಷಣೆ ಕೊಡುತ್ತದೆ, ಮತ್ತು ಎಚ್ಚರಿಕೆಯನ್ನು ತೋರಿಸುವುದು ವಹಿಯಿಂದಲ್ಲದೆ ಬಾಯಿಮಾತಿನಿಂದಲ್ಲ. ಎಲ್ಲರೂ ಬೆರೆಸುವಾಗ ಒಬ್ಬನೇ ಬರೆದಿಟ್ಟು ಏನು ಪ್ರಯೋಜನ ಎಂಬ ಆಕ್ಷೇಪ ಬರುವುದು ಖಂಡಿತ. ಬರೆದಿಟ್ಟವನಿಗೆ ಬೆರೆಸಿದ ಚೀಲವನ್ನು ಬೆರೆಸಿದ್ದೆಂದೇ ಮಾರುವ ಸ್ವಾತಂತ್ರ್ಯ ಉಳಿಯುತ್ತದೆ. ಕಲಬುರಗಿಯದೆಂದು ಬರೆದ ಚೀಲಕ್ಕೆ ಬೇರೆ ದರ ಕೇಳುವ ಧೈರ್ಯವೂ ಬರುತ್ತದೆ. ಪ್ರಯೋಗಾಲಯದ ವರದಿಯನ್ನೇ ನೆಚ್ಚಿ ವಹಿ ಬೇಡವೆನ್ನುವವರು ಇನ್ನೊಂದು ಬೆಳವಣಿಗೆಯನ್ನು ಗಮನಿಸಬೇಕು. ಹೊರಗಿನ ವಂಶವಾಹಿ ಸೇರಿಸದೆ ಸಸ್ಯದ ಸ್ವಂತ ವಂಶವಾಹಿಯನ್ನೇ ತಿದ್ದುವ ತಂತ್ರಕ್ಕೆ 2022ರ ಮಾರ್ಚ್‌ನಲ್ಲಿ ಕುಲಾಂತರಿ ನಿಯಮಗಳ ಬಿಗಿಯಿಂದ ವಿನಾಯಿತಿ ದೊರೆಯಿತು. 2025ರ ಮೇ 4ರಂದು ಅಂಥ ಎರಡು ಭತ್ತದ ತಳಿಗಳನ್ನು ಕೇಂದ್ರ ಕೃಷಿ ಸಚಿವರು ಬಿಡುಗಡೆ ಮಾಡಿದರು. ಇಂಥ ಬೆಳೆಯಲ್ಲಿ ಪರೀಕ್ಷೆಗೆ ಸಿಗುವ ಅನ್ಯ ವಂಶವಾಹಿಯೇ ಇರುವುದಿಲ್ಲ. ನಾಳೆ ತೊಗರಿಗೂ ಆ ತಂತ್ರ ಬಂದರೆ ಕಾಳು ಯಾವ ಬೀಜದ್ದೆಂದು ಹೇಳಬಲ್ಲದ್ದು ಕಾಗದವೊಂದೇ.

ಹೊಸ ತೊಗರಿ ಮಾರುಕಟ್ಟೆಗೆ ಇಳಿಯುವುದು ಡಿಸೆಂಬರ್ ಕೊನೆಯಿಂದ. ಆದರೆ ಬೀಜದ ರಸೀದಿ ರೈತನ ಕೈಗೆ ಬರುವುದು ಮುಂಗಾರಿನ ಮೊದಲ ಮಳೆಗೆ, ಜೂನ್‌ನಲ್ಲಿ. ರಾಶಿಯ ಹೊತ್ತಿಗೆ ಅದನ್ನು ಹುಡುಕಿದರೆ ಸಿಗುವುದಿಲ್ಲ. ಅಡತಿ ಅಂಗಡಿಯವರು ಬಿತ್ತನೆಗೆ ಮುಂಗಡ ಕೊಡುವಾಗಲೇ ಆ ಸಂಖ್ಯೆಯನ್ನು ಖಾತೆಯ ಅಂಚಿನಲ್ಲಿ ಗುರುತಿಸಿಕೊಳ್ಳಬೇಕಾದೀತು.